ಮಾತಾಡಿಸದೆ ಹೋದ ಬ್ಯಾಂಡು: ಮಲೆನಾಡಿನ ಒಂದು ಪ್ರಕರಣ

ನಮ್ಮ ಮಲೆನಾಡಿನಲ್ಲಿ ಮದುವೆಗೆ ಹೋಗಿ ಬಂದವರ ದೊಡ್ಡ ದೂರು ಊಟದ್ದಲ್ಲ. ಹೋಳಿಗೆ ಗಟ್ಟಿಯಾಗಿತ್ತು, ಸಾರು ತಣ್ಣಗಿತ್ತು ಅನ್ನುವುದನ್ನೆಲ್ಲ ನಾಲ್ಕು ದಿನದಲ್ಲಿ ಮರೆಯುತ್ತಾರೆ. "ಅಷ್ಟು ದೂರ ಹೋದ್ರೆ ಮಾತಾಡ್ಸೋರೇ ಇರ್ಲಿಲ್ಲ" ಅನ್ನುವುದನ್ನು ಮಾತ್ರ ಮರೆಯುವುದಿಲ್ಲ. ಹತ್ತು ವರ್ಷ ಕಳೆದರೂ ಆ ಮನೆಯ ಸುದ್ದಿ ಬಂದರೆ ಮೊದಲು ಅದೇ ನೆನಪಾಗುತ್ತದೆ.

ಇಲ್ಲಿ ಬರೆದಿರುವುದು ಒಂದು ಬ್ಯಾಂಡಿನ ಕಾರ್ಯಕ್ರಮದ ಕತೆ. ಆದರೆ ದೂರು ಅದೇ. ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಡೆದದ್ದು. ಕಾರ್ಯಕ್ರಮ ಮಾಡಿಸಿದ ಸಂಘಕ್ಕೆ ಆಗ ನಾನೇ ಕಾರ್ಯದರ್ಶಿ. ಹಾಗಾಗಿ ತಪ್ಪಿನಲ್ಲಿ ನನ್ನ ಪಾಲೂ ಇದೆ, ಸಣ್ಣ ಪಾಲೇನಲ್ಲ. ಊರು, ತಂಡ, ಜನರ ಹೆಸರು ಬಿಟ್ಟಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಉಳಿದದ್ದು ನಡೆದ ಹಾಗೇ ಇದೆ. ಊರಿಗೆ ಬ್ಯಾಂಡು ಕರೆಸುವ ಯೋಚನೆ ಇರುವವರು ಓದಲಿ ಅಂತ ಬರೆದಿದ್ದೇನೆ.

ಹಿನ್ನೆಲೆ

ವರ್ಷಕ್ಕೊಂದು ಯಕ್ಷಗಾನ, ಒಂದು ನಾಟಕ, ಒಂದು ಸುಗಮ ಸಂಗೀತ. ನಮ್ಮ ಸಂಘದ ವಹಿವಾಟು ಇಷ್ಟೇ. 25 ವರ್ಷ ತುಂಬಿದಾಗ ಹುಡುಗರು ಹಟ ಹಿಡಿದರು, ಈ ಸಲ ಬ್ಯಾಂಡ್ ಬೇಕು ಅಂತ. ಬೆಂಗಳೂರಿನ ಒಂದು ತಂಡ. ಆರು ಜನ. ಜನಪದ ಹಾಡನ್ನು ಗಿಟಾರ್, ಡ್ರಮ್ಸ್ ಜೊತೆ ಹಾಡುತ್ತಾರೆ. ನಮ್ಮ ಊರಿನ ಹುಡುಗರು ಅವರ ಹಾಡನ್ನೆಲ್ಲ ಫೋನಿನಲ್ಲೇ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. ಎದುರಿಗೆ ನೋಡಿದವರು ಒಬ್ಬರೂ ಇರಲಿಲ್ಲ.

ಫೆಬ್ರವರಿ ಆರಿಸಿಕೊಂಡೆವು. ಅಡಿಕೆ ಕೊನೆ ಕೊಯ್ಲು ಮುಗಿದು ಜನರ ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡುವ ಕಾಲ. ಮಳೆಯ ಭಯವೂ ಇಲ್ಲ.

ಇಲ್ಲಿಯ ಜನ ಕಲಾವಿದರನ್ನು ಹೇಗೆ ನೋಡಿ ರೂಢಿ ಅನ್ನುವುದನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನ ರಂಪ ಅರ್ಥವಾಗುವುದಿಲ್ಲ. ನಾವು ಆಟ, ಅಂದರೆ ಯಕ್ಷಗಾನ, ನೋಡಲು ಹೋದರೆ ಮೊದಲು ವೇಷ ಕಟ್ಟುವ ಚೌಕಿಗೊಂದು ಸುತ್ತು ಹಾಕುತ್ತೇವೆ. ಅರ್ಧ ಬಣ್ಣ ಹಚ್ಚಿಕೊಂಡ ವೇಷಧಾರಿ ಕನ್ನಡಿಯಲ್ಲೇ ನಮ್ಮನ್ನು ನೋಡಿ "ಓಹೋ, ಯಾವಾಗ ಬಂದದ್ದು?" ಅನ್ನುತ್ತಾನೆ. ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ರಾತ್ರಿ ಮನೆ ಬಾಗಿಲಿಗೇ ಬಂದು ಹಾಡುತ್ತಾರೆ. ಹಾಡಿ ಮುಗಿದ ಮೇಲೆ ಜಗಲಿಯಲ್ಲಿ ಕೂತು ನಾಲ್ಕು ಮಾತಾಡಿ ಮುಂದಿನ ಮನೆಗೆ ಹೋಗುತ್ತಾರೆ. ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಸಂಸ್ಥೆ ಶುರುವಾದದ್ದು 1949ರಲ್ಲಿ. ಅಲ್ಲಿಯ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಬಗ್ಗೆ ಮಾರನೇ ಬೆಳಿಗ್ಗೆ ಎಲ್ಲರೂ ಕೂತು ಚರ್ಚೆ ಮಾಡುತ್ತಾರೆ. ಅಂದರೆ ಹಾಡುವವರು, ಕುಣಿಯುವವರು ನಮಗೆ ಮಾತಿಗೆ ಸಿಗುವ ಜನ. ಸಿಗದವರನ್ನು ನಾವು ನೋಡಿರಲೇ ಇಲ್ಲ.

ಪೋಸ್ಟರಿನ ಒಂದು ಸಾಲು

ಟಿಕೆಟ್ 200 ಮತ್ತು 500 ರೂಪಾಯಿ ಇಟ್ಟಿದ್ದೆವು. 500ಕ್ಕೆ ಮುಂದಿನ ಕುರ್ಚಿ, ಅಷ್ಟೇ. ಆ ಟಿಕೆಟ್ ಹೋಗುತ್ತಲೇ ಇರಲಿಲ್ಲ. ನಮ್ಮೂರಲ್ಲಿ ಕುರ್ಚಿಗೆ ಯಾರು 300 ಜಾಸ್ತಿ ಕೊಡುತ್ತಾರೆ? ಪೋಸ್ಟರ್ ಮಾಡುತ್ತಿದ್ದ ಹುಡುಗ ಎರಡನೇ ಪೋಸ್ಟರಿಗೆ ಒಂದು ಸಾಲು ಸೇರಿಸಿದ: "500ರ ಟಿಕೆಟ್ ಪಡೆದವರಿಗೆ ತಂಡದೊಂದಿಗೆ ಮಾತುಕತೆ."

ಒಂದು ವಾರದಲ್ಲಿ 130 ಟಿಕೆಟ್ ಹೋದವು. ಮೊದಲು ಹೋದ 50 ಸೇರಿ 180 ಆಯಿತು.

ತಂಡದ ಮ್ಯಾನೇಜರ್ ಜೊತೆ ನಾವು ಮಾಡಿಕೊಂಡ ಕರಾರಿನಲ್ಲಿ ಮಾತುಕತೆಯ ಸುದ್ದಿಯೇ ಇರಲಿಲ್ಲ. ಎಷ್ಟು ಮೈಕ್ ಬೇಕು, ಎಷ್ಟು ಕೆವಿಎ ಜನರೇಟರ್ ಬೇಕು, ಕುಡಿಯುವ ನೀರು ಬಿಸಿಯಾಗಿರಬೇಕು, ಎಲ್ಲ ಬರೆದಿತ್ತು. ಪೋಸ್ಟರ್ ನನ್ನ ಕೈಗೆ ಬಂದಾಗ ಆ ಸಾಲು ಓದಿದೆ. ಫೋನ್ ಮಾಡಿ ಕೇಳಬೇಕು ಅನ್ನಿಸಿತು. ಆಮೇಲೆ, "ಅಯ್ಯೋ, ಬಂದ ದಿನ ಹೇಳಿದ್ರಾಯ್ತು, ಹತ್ತು ನಿಮಿಷ ನಿಲ್ಲಲ್ವಾ" ಅಂದುಕೊಂಡು ಸುಮ್ಮನಾದೆ. ಇಡೀ ಪ್ರಕರಣದಲ್ಲಿ ತಿದ್ದಬಹುದಾಗಿದ್ದ ಜಾಗ ಅದು. ಎರಡು ನಿಮಿಷದ ಫೋನು ಸಾಕಿತ್ತು.

ಆ ದಿನ

ತಂಡ ಹಿಂದಿನ ರಾತ್ರಿ ಇನ್ನೊಂದು ಊರಲ್ಲಿ ಹಾಡಿ, ವ್ಯಾನಿನಲ್ಲಿ ಹೊರಟು ಬಂದಿತ್ತು. ಮಧ್ಯಾಹ್ನ 1ಕ್ಕೆ ಬರಬೇಕಾದವರು ಬಂದಾಗ 3.30. ಆರು ಜನರ ತಂಡಕ್ಕೆ ಸೌಂಡ್ ಚೆಕ್ ಅಂದರೆ ಸುಮ್ನೆ "ಹಲೋ, ಮೈಕ್ ಟೆಸ್ಟಿಂಗ್" ಅಲ್ಲ. ಒಂದೊಂದು ವಾದ್ಯವನ್ನೂ ಬೇರೆ ಬೇರೆಯಾಗಿ ನೋಡಬೇಕು. ಒಬ್ಬೊಬ್ಬರ ಕಿವಿಗೂ ಯಾವ ವಾದ್ಯ ಎಷ್ಟು ಕೇಳಬೇಕು ಅಂತ ಹೊಂದಿಸಬೇಕು. ಅದರ ಮಧ್ಯೆ ಜನರೇಟರ್ ಕೈಕೊಟ್ಟು ಅರ್ಧ ಗಂಟೆ ಹೋಯಿತು. ಬೇಲಿಯ ಆಚೆ ನಲವತ್ತು ಐವತ್ತು ಹುಡುಗರು ನಿಂತು ಕೂಗುತ್ತಿದ್ದರು. ತಂಡದಲ್ಲಿ ಯಾರೂ ಆ ಕಡೆ ತಲೆ ಎತ್ತಲಿಲ್ಲ. ಮಾತುಕತೆಯ ವಿಷಯ ಹೇಳೋಣ ಅಂತ ನಾನು ಎರಡು ಸಲ ಸ್ಟೇಜ್ ಹತ್ತಿರ ಹೋಗಿ, ಅವರ ಮುಖ ನೋಡಿ ವಾಪಸ್ ಬಂದೆ.

ಆರೂವರೆಗೆ ಶುರುವಾಗಬೇಕಿತ್ತು. ಬೆಳ್ಳಿ ಹಬ್ಬ ಅಲ್ವಾ, ನಾಲ್ಕು ಭಾಷಣ, ಹನ್ನೊಂದು ಸನ್ಮಾನ. ಒಂದೊಂದು ಸನ್ಮಾನಕ್ಕೂ ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ. ತಂಡ ಸ್ಟೇಜ್ ಹತ್ತಿದ್ದು 8.05ಕ್ಕೆ. ಹತ್ತು ಗಂಟೆಗೆ ಮೈಕ್ ಆಫ್ ಆಗಲೇಬೇಕು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ವರ್ಷಕ್ಕೆ 15 ದಿನ ಮೀರದ ಹಾಗೆ ಮಧ್ಯರಾತ್ರಿವರೆಗೆ ಬಿಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ, ನಮ್ಮ ದಿನ ಅದರಲ್ಲಿ ಬರಲಿಲ್ಲ. ತಂಡದವರು ಎರಡೂಕಾಲು ಗಂಟೆಗೆ ಅಂತ 16 ಹಾಡು ಪಟ್ಟಿ ಮಾಡಿಕೊಂಡು ಬಂದಿದ್ದರು. ಕೈಯಲ್ಲಿದ್ದದ್ದು 1 ಗಂಟೆ 55 ನಿಮಿಷ.

16 ಹಾಡನ್ನೂ ಹಾಡಿದರು. ಒಂದನ್ನೂ ಬಿಡಲಿಲ್ಲ. ಹಾಡಿನ ಮಧ್ಯದ ಮಾತನ್ನು ಬಿಟ್ಟರು. "ನಮಸ್ಕಾರ" ಅಂದದ್ದು ಬಿಟ್ಟರೆ ಊರಿನ ಹೆಸರು ಹೇಳಲಿಲ್ಲ, "ಚೆನ್ನಾಗಿದೀರಾ" ಅಂತ ಕೇಳಲಿಲ್ಲ, ಹಾಡು ಎಲ್ಲಿಂದ ಬಂತು ಅಂತ ಹೇಳಲಿಲ್ಲ. ಒಂದು ಹಾಡು ಮುಗಿದು ಚಪ್ಪಾಳೆ ನಿಲ್ಲುವ ಮೊದಲೇ ಇನ್ನೊಂದು. ಇದರ ಲೆಕ್ಕ ನನಗೆ ಸಿಕ್ಕಿದ್ದು ಎಷ್ಟೋ ದಿನ ಆದ ಮೇಲೆ. ಅವತ್ತು ನನಗೂ ಅನ್ನಿಸಿದ್ದು, ಇವರಿಗೆ ಎಂಥ ಜಂಬ ಮಾರಾಯಾ ಅಂತ.

ಮಾತಾಡಿದ್ದು ಒಂದೇ ಸಲ. ಆಡಬಾರದ ಮಾತೂ ಅದೇ ಆಯಿತು. ಮೂರನೇ ಹಾಡು ಮುಗಿದಾಗ ಮುಂದೆಯೇ ಫೋನಿನ ಲೈಟ್ ಹಾಕಿಕೊಂಡು ವಿಡಿಯೋ ಮಾಡುತ್ತಿದ್ದ ಹುಡುಗನಿಗೆ ಗಾಯಕ ಹೇಳಿದ, "ಬ್ರದರ್, ಮನೇಲಿ ಕೂತು ಯೂಟ್ಯೂಬ್ ನೋಡ್ಬಹುದಿತ್ತಲ್ಲ, ಇಲ್ಲಿಗ್ಯಾಕೆ ಬಂದ್ರಿ?" ಜನ ನಕ್ಕರು. ಹುಡುಗ ಫೋನು ಇಳಿಸಿ ಕೂತ. ಅವನು ನಮ್ಮ ಸ್ವಯಂಸೇವಕ. ವಿಡಿಯೋ ಮಾಡು ಅಂತ ಅಲ್ಲಿ ನಿಲ್ಲಿಸಿದ್ದು ನಾನು.

9.58ಕ್ಕೆ ಮುಗಿಯಿತು. ಹಾಡು ಚೆನ್ನಾಗಿತ್ತಾ ಅಂದರೆ, ನಾನು ಈ 25 ವರ್ಷದಲ್ಲಿ ನಮ್ಮ ಮೈದಾನದಲ್ಲಿ ಅಂಥದ್ದು ಕೇಳಿಲ್ಲ. ಕೊನೆಯ ಹಾಡಿಗೆ ಹಿಂದಿನ ಸಾಲಿನ ಅಜ್ಜಿಯರೂ ಎದ್ದು ನಿಂತಿದ್ದರು.

ಹಿಂದಿನ ಗೇಟಿನಲ್ಲಿ ಸುಮಾರು 150 ಜನ ಸೇರಿದರು. ಅರ್ಧಕ್ಕರ್ಧ ಜನರ ಕೈಯಲ್ಲಿ 500ರ ಟಿಕೆಟ್ಟಿನ ಚೂರು. ನಮ್ಮ ಕಡೆಯಿಂದ ನಾಲ್ಕು ಹುಡುಗರು, ಒಂದು ಹಗ್ಗ. ಗಾಯಕ ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಇಳಿದು ಬಂದ. ಕೈಯನ್ನು ಗಂಟಲ ಹತ್ತಿರ ತಂದು ಏನೋ ಸನ್ನೆ ಮಾಡಿದ. ಸೀದಾ ವ್ಯಾನ್ ಹತ್ತಿದ. ಉಳಿದವರು ತಮ್ಮ ಕೇಬಲ್ಲು, ಪೆಟ್ಟಿಗೆ ತುಂಬುವುದರಲ್ಲಿದ್ದರು. ವ್ಯಾನಿನ ಪರದೆ ಎಳೆದರು. 10.40ಕ್ಕೆ ಹೊರಟೇ ಹೋಯಿತು. ಯಾರೋ ಅದರ ಹಿಂಬದಿಗೆ ಬಡಿದರು. ಇನ್ಯಾರೋ ಬೈದರು. ನಾನು ಆಗ ಎಲ್ಲಿದ್ದೆ ಅಂದರೆ, ಮುಖ್ಯ ಅತಿಥಿಗಳಿಗೆ ಊಟ ಬಡಿಸುತ್ತಿದ್ದೆ.

ಬೆಳಿಗ್ಗೆ ಮೈದಾನ ಗುಡಿಸಲು ಹೋದಾಗ ಗೇಟಿನ ಕಂಬಕ್ಕೆ ಒರಗಿಸಿಟ್ಟ ಒಂದು ಅಡಿಕೆ ಹಾಳೆ ಸಿಕ್ಕಿತು. ಅದರ ಒಳಮೈ ಮೇಲೆ ಬಣ್ಣದಲ್ಲಿ ಆರು ಜನರ ಚಿತ್ರ. ಮಕ್ಕಳು ಬರೆದ ಹಾಗೆ ತಲೆ ದೊಡ್ಡದು, ಕೈಕಾಲು ಕಡ್ಡಿ. ಗಿಟಾರಿಗೆ ಮಾತ್ರ ಆರು ತಂತಿಯನ್ನೂ ಎಣಿಸಿ ಎಳೆದಿತ್ತು. ರಾತ್ರಿಯ ಇಬ್ಬನಿಗೆ ಡ್ರಮ್ಮಿನ ಕೆಂಪು ಬಣ್ಣ ಕೆಳಗಿಳಿದು ಡ್ರಮ್ಮರಿನ ಕಾಲಿನವರೆಗೆ ಹರಿದಿತ್ತು. ಹಿಂದೆ ಒಂದು ಹೆಸರು, ತರಗತಿ, ಊರು.

ಏನೇನು ಮಾಡಿ ನೋಡಿದೆವು

ಮಧ್ಯಾಹ್ನದೊಳಗೆ 40 ಸೆಕೆಂಡಿನ ವಿಡಿಯೋ ಊರಿನ ಎಲ್ಲ ವಾಟ್ಸಾಪ್ ಗುಂಪಿಗೂ ಬಂತು. ಪರದೆ ಎಳೆಯುವುದು, ವ್ಯಾನು ಹೋಗುವುದು, ಕೆಳಗೆ "ಇಷ್ಟು ಸೊಕ್ಕಾ?" ಮಾಡಿದವನು ಅದೇ ಹುಡುಗ, ಸ್ಟೇಜಿನಿಂದ ಮಾತು ಕೇಳಿದವನು. 500 ಕೊಟ್ಟವರು ದುಡ್ಡು ವಾಪಸ್ ಕೇಳಿದರು.

ನಾನು ಮಾಡಿದ ಮೊದಲ ಕೆಲಸ, ಸಿಟ್ಟಿನಲ್ಲಿ ಮ್ಯಾನೇಜರಿಗೆ ಉದ್ದದ ಮೆಸೇಜು ಹಾಕಿದ್ದು. ಅಭಿಮಾನಿಗಳಿಂದಲೇ ನೀವು, ಅದೂ ಇದೂ. ಅವರು ನಮ್ಮ ಕರಾರಿನ ಫೋಟೋ ತೆಗೆದು ವಾಪಸ್ ಕಳಿಸಿದರು. ಜೊತೆಗೆ ನಮ್ಮ ಪೋಸ್ಟರಿನ ಫೋಟೋ. ಕೆಳಗೆ ಒಂದೇ ಸಾಲು: "ಈ ಮಾತು ಕೊಟ್ಟವರು ಯಾರು ಸರ್?" ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಉತ್ತರ ಇಲ್ಲದಾಗ ಮನುಷ್ಯ ಮಾಡುವುದನ್ನೇ ಮಾಡಿದೆ, ಇನ್ನೂ ಸಿಟ್ಟು ಮಾಡಿಕೊಂಡೆ.

ಎರಡನೆಯದು ಸಂಘದ ಒತ್ತಡ. ತಂಡಕ್ಕೆ ಕಾಲು ಪಾಲು ದುಡ್ಡು ಕೊಡುವುದು ಬಾಕಿ ಇತ್ತು. ಕ್ಷಮೆ ಕೇಳುವವರೆಗೆ ಅದನ್ನು ಹಿಡಿದಿಡೋಣ ಅಂತ ಕೆಲವರು. ನಾನು ಬೇಡ ಅನ್ನಲಿಲ್ಲ, ಹೇಳುವುದಕ್ಕೆ ನಾಚಿಕೆಯಾಗುತ್ತದೆ. ತಂಡ ಒಂದು ಕ್ಷಮೆಯ ವಿಡಿಯೋ ಮಾಡಿ ಕಳಿಸಿತು. ಮ್ಯಾನೇಜರ್ ಬರೆದುಕೊಟ್ಟದ್ದನ್ನು ಗಾಯಕ ಓದಿದ. ಕಣ್ಣು ಎಡದಿಂದ ಬಲಕ್ಕೆ ಓಡುವುದು ಕಾಣುತ್ತಿತ್ತು. ಅದನ್ನು ಹಂಚಿದ ಮೇಲೆ ಬೈಗುಳ ಎರಡರಷ್ಟಾಯಿತು. "ಕ್ಷಮೆ ಕೇಳೋಕೂ ಚೀಟಿ ಬೇಕಾ ಇವರಿಗೆ?" ಹಣ ತಡೆದು ಹೇಳಿಸಿದ ಕ್ಷಮೆ ಕೇಳುವವರಿಗೆ ಗೊತ್ತಾಗಿಬಿಡುತ್ತದೆ. ಈ ದಾರಿಯನ್ನು ಯಾರೂ ಹಿಡಿಯಬೇಡಿ.

ಮೂರನೆಯದು ಸಭೆ. ಅಧ್ಯಕ್ಷರ ಮನೆ ಜಗಲಿಯಲ್ಲಿ ಸೇರಿದೆವು. ಒಬ್ಬರು ಹೇಳಿದರು, ಕಲಾವಿದ ಅಂದ ಮೇಲೆ ನಾಲ್ಕು ಜನರ ಹತ್ತಿರ ನಗ್ತಾ ಮಾತಾಡಬೇಕು, ಅದೂ ಕಲೆಯೇ. ಕಾಲೇಜಿನಲ್ಲಿ ಪಾಠ ಮಾಡುವ ಇನ್ನೊಬ್ಬರಿಗೆ ಇಂಗ್ಲಿಷ್ ಬ್ಯಾಂಡುಗಳ ಹುಚ್ಚು. ಅವರು ಬೀಟಲ್ಸ್ ಸುದ್ದಿ ತೆಗೆದರು. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಡಿದ ಮೇಲೆ ಅವರು ಊರೂರು ಸುತ್ತಿ ಹಾಡುವುದನ್ನೇ ಬಿಟ್ಟರು. ಜನರ ಕಿರುಚಾಟದಲ್ಲಿ ತಾವು ನುಡಿಸುವುದು ತಮಗೇ ಕೇಳುತ್ತಿರಲಿಲ್ಲ ಅನ್ನುವುದು ಒಂದು ಕಾರಣ. "ಅಭಿಮಾನ ಜಾಸ್ತಿಯಾದ್ರೆ ಹಾಡೇ ನಿಂತುಹೋಗುತ್ತೆ" ಅಂದರು. ಆಮೇಲೆ ಅವರೇ ಇನ್ನೊಂದು ಹೇಳಿದರು. 1977ರ ಜುಲೈನಲ್ಲಿ ಮಾಂಟ್ರಿಯಲ್‌ನಲ್ಲಿ ಪಿಂಕ್ ಫ್ಲಾಯ್ಡ್ ತಂಡದ ರೋಜರ್ ವಾಟರ್ಸ್ ಮುಂದೆ ಗಲಾಟೆ ಮಾಡುತ್ತಿದ್ದ ಒಬ್ಬ ಅಭಿಮಾನಿಯ ಮೇಲೆ ಉಗುಳಿದ. ಆಮೇಲೆ ತನ್ನ ಬಗ್ಗೆ ತನಗೇ ಅಸಹ್ಯವಾಗಿ, ಹಾಡುವವನಿಗೂ ಕೇಳುವವನಿಗೂ ಮಧ್ಯೆ ಏಳುವ ಗೋಡೆಯ ಬಗ್ಗೆ ಯೋಚಿಸತೊಡಗಿದ. 1979ರ "ದಿ ವಾಲ್" ಹುಟ್ಟಿದ್ದು ಅಲ್ಲಿಂದ. "ಅಷ್ಟು ದೊಡ್ಡ ಮನುಷ್ಯನಿಗೇ ಉಗುಳಿದ್ದು ತಪ್ಪು ಅಂತ ಗೊತ್ತಾಯ್ತು. ಇವರಿಗೆ ಆ ಹುಡುಗನ ವಿಷಯ ಗೊತ್ತಾಗ್ಬೇಕು. ಫೋಟೋ ಕೊಡ್ಲಿಲ್ಲ ಅನ್ನೋದು ಬಿಡ್ರಿ" ಅಂದರು. ನನಗೆ ಆ ವ್ಯತ್ಯಾಸ ಸರಿ ಅನ್ನಿಸಿತು. ಆದರೆ ಜಗಲಿಯಲ್ಲಿ ಯಾರಿಗೂ ರುಚಿಸಲಿಲ್ಲ.

ಆಗ ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಹಿರಿಯರೊಬ್ಬರು ಬಾಯಿ ತೆರೆದರು. ನಲವತ್ತು ವರ್ಷ ಆಟದ ಮೇಳಗಳನ್ನು ಊರಿಗೆ ಕರೆಸಿ, ಇಳಿಸಿಕೊಂಡು, ಊಟ ಹಾಕಿ ಕಳಿಸಿದವರು.

"ಮದುವೇಲಿ ಮಾತಾಡ್ಸ್ಲಿಲ್ಲ ಅಂತ ಬೇಜಾರಾಗ್ತದಲ್ಲ, ಯಾರ ಮೇಲೆ ಆಗೋದು?"

ಮನೆಯವರ ಮೇಲೆ, ಅಂದೆವು.

"ಮದುಮಗ ಮಾತಾಡ್ಸ್ಲಿಲ್ಲ ಅಂತ ಯಾರಾದ್ರೂ ಸಿಟ್ಟು ಮಾಡ್ಕೊಂಡಿದ್ದು ಕೇಳಿದೀರಾ? ಅವ ಪಾಪ ಹೋಮದ ಹೊಗೆ ಕುಡ್ಕೊಂಡು ಮಂಟಪದಲ್ಲಿ ಕೂತಿರ್ತಾನೆ. ಬಾಗ್ಲಲ್ಲಿ ನಿಂತು ಬನ್ನಿ ಅನ್ಬೇಕಾದೋರು ಯಾರು? ಊಟ ಆಯ್ತಾ ಅಂತ ಕೇಳ್ಬೇಕಾದೋರು ಯಾರು? ಅವತ್ತು ಗೇಟಲ್ಲಿ ನೂರೈವತ್ತು ಜನ ನಿಂತಾಗ ನಮ್ಮ ಮನೆಯೋರು ಎಲ್ಲಿದ್ರು?"

ಯಾರೂ ಮಾತಾಡಲಿಲ್ಲ. ನಾನಂತೂ ತಟ್ಟೆಯಲ್ಲಿದ್ದ ಅವಲಕ್ಕಿ ನೋಡುತ್ತಾ ಕೂತೆ.

ಸ್ಟೇಜಿನ ಮೇಲಿಂದ ಕಂಡದ್ದು

ಬಾಕಿ ದುಡ್ಡನ್ನು ಮಾರನೇ ದಿನವೇ ಕಳಿಸಿದೆವು. ಅದಾಗಿ ಎರಡು ದಿನಕ್ಕೆ ಗಾಯಕನೇ ಫೋನ್ ಮಾಡಿದ. ಧ್ವನಿ ಇನ್ನೂ ಒಡೆದಿತ್ತು. ಅರ್ಧ ಗಂಟೆ ಮಾತಾಡಿದೆವು. ಅವನು ಹೇಳಿದ ಮೂರು ಸಂಗತಿ ನನಗೆ ಗೊತ್ತೇ ಇರಲಿಲ್ಲ.

ಹಾಡುವವರ ಕಿವಿಯಲ್ಲಿ ಇನ್-ಇಯರ್ ಅನ್ನುವ ಪುಟ್ಟ ಸ್ಪೀಕರ್ ಇರುತ್ತದೆ. ಅದು ಕಿವಿಯನ್ನು ಗಟ್ಟಿಯಾಗಿ ಮುಚ್ಚುತ್ತದೆ. ಅವನಿಗೆ ತನ್ನ ಧ್ವನಿ, ಡ್ರಮ್ಸ್, ಬೇಸ್ ಕೇಳುತ್ತದೆ, ನಾವು ಕೂಗಿದ್ದು ಕೇಳುವುದಿಲ್ಲ. ಜನರ ಸದ್ದು ಕೇಳಬೇಕು ಅಂದರೆ ಅವರ ಕಡೆಗೆ ಬೇರೆ ಮೈಕ್ ಇಟ್ಟು ಕಿವಿಗೆ ಕೊಡಬೇಕು. ಸೌಂಡ್ ಚೆಕ್ಕಿಗೆ ಸಮಯ ಸಾಲದೆ ನಮ್ಮಲ್ಲಿ ಅದನ್ನು ಬಿಟ್ಟಿದ್ದರು. ಬೇಲಿಯಾಚೆ ಹುಡುಗರು ಗಂಟಲು ಹರಿದುಕೊಂಡಾಗಲೂ ಅವರು ಇದ್ದದ್ದು ಇದೇ ಸ್ಥಿತಿಯಲ್ಲಿ. ಎರಡನೆಯದು ಲೈಟು. ಎದುರಿನಿಂದ ಕಣ್ಣಿಗೇ ಬಿಟ್ಟಿದ್ದೆವು, ಫೋಟೋ ಚೆನ್ನಾಗಿ ಬರಲಿ ಅಂತ. ಮೊದಲ ಸಾಲು ಬಿಟ್ಟರೆ ಆಚೆ ಬರೀ ಕತ್ತಲೆ. ಅಲ್ಲಿ ಅಜ್ಜಿಯರು ಎದ್ದು ನಿಂತಿದ್ದರು ಅಂತ ನಾನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದಾ ಸರ್?" ಅಂದ.

ಮೂರನೆಯದು ಗಂಟಲು. ಎರಡು ರಾತ್ರಿ ಸಾಲಾಗಿ ಹಾಡಿ ಗಂಟಲು ಕಟ್ಟುತ್ತಾ ಬಂದಿತ್ತು. ಮೂರನೇ ದಿನ ಇನ್ನೊಂದು ಕಾರ್ಯಕ್ರಮ. ಹಾಡುವುದಕ್ಕಿಂತ ಗದ್ದಲದಲ್ಲಿ ಮಾತಾಡುವುದು ಗಂಟಲಿಗೆ ಜಾಸ್ತಿ ಪೆಟ್ಟು ಅಂದ. ಇದು ನೆಪ ಅಂದುಕೊಂಡೆ, ಆದರೆ ವಿಷಯ ಹಳೆಯದು. ಸುತ್ತ ಸದ್ದಿದ್ದರೆ ಮನುಷ್ಯ ತನಗೇ ಗೊತ್ತಿಲ್ಲದೆ ಧ್ವನಿ ಏರಿಸುತ್ತಾನೆ. ಎಟಿಯೆನ್ ಲೊಂಬಾರ್ ಅನ್ನುವ ಫ್ರಾನ್ಸಿನ ವೈದ್ಯರು ಇದನ್ನು 1911ರಲ್ಲೇ ಬರೆದಿದ್ದಾರೆ. ಇಂದಿಗೂ ಅದಕ್ಕೆ ಅವರದೇ ಹೆಸರು. ಜಾತ್ರೆಯಲ್ಲಿ ಬಳೆ ಅಂಗಡಿ ಮುಂದೆ ಅರ್ಧ ಗಂಟೆ ಮಾತಾಡಿ ಬಂದ ಮೇಲೆ ನಮ್ಮ ಗಂಟಲೂ ಕೀರಲು ಬರುವುದಿಲ್ಲವಾ, ಅದೇ. ಗೇಟಿನ ಹತ್ತಿರ ಅವನು ಕೈಸನ್ನೆ ಮಾಡಿದ್ದು "ಧ್ವನಿ ಇಲ್ಲ" ಅಂತ. ನಮ್ಮ ಜನ ಅದನ್ನು "ಸಾಕು ನಡೀರಿ" ಅಂತ ತಿಳಿದುಕೊಂಡಿದ್ದರು.

ಈ ಮೂರೂ ನನಗೆ ಒಪ್ಪಿಗೆಯಾದವು. ಆ ಹುಡುಗನ ವಿಷಯ ಬಂದಾಗ ಮಾತ್ರ ನಾನು ಬಿಡಲಿಲ್ಲ. ಅವನು, "ತಮಾಷೆಗೆ ಅಂದಿದ್ದು ಸರ್, ಬೆಂಗಳೂರಲ್ಲಿ ಎಲ್ಲರೂ ನಕ್ಕು ಮರೀತಾರೆ" ಅಂದ. ನಾನು ಹೇಳಿದೆ, ಬೆಂಗಳೂರಲ್ಲಿ ಪಕ್ಕದಲ್ಲಿ ನಿಂತವನು ಯಾರು ಅಂತ ಯಾರಿಗೂ ಗೊತ್ತಿರುವುದಿಲ್ಲ. ಇಲ್ಲಿ ಮೈದಾನದಲ್ಲಿದ್ದ ಮುಕ್ಕಾಲು ಜನಕ್ಕೆ ಅವನು ಯಾರ ಮಗ, ಯಾವ ಕೇರಿ, ಪಿಯುಸಿಯಲ್ಲಿ ಎಷ್ಟು ಬಂತು ಎಲ್ಲ ಗೊತ್ತು. ಮಾರನೇ ದಿನ ಹೋಟೆಲಿನಲ್ಲಿ ಬನ್ಸ್ ತಿನ್ನಲು ಹೋದರೆ, "ಯೂಟ್ಯೂಬ್ ಬಂದ" ಅನ್ನುತ್ತಾರೆ. ಅನ್ನುತ್ತಿದ್ದರು ಕೂಡ. ಅತ್ತ ಕಡೆಯಿಂದ ಉತ್ತರ ಬರಲು ಸ್ವಲ್ಪ ತಡವಾಯಿತು. "ಅವನ ನಂಬರ್ ಕೊಡ್ತೀರಾ?" ಅಂದ. ಹುಡುಗನನ್ನು ಕೇಳಿ ಕೊಟ್ಟೆ. ಏನು ಮಾತಾಡಿಕೊಂಡರು ಅಂತ ಅವನು ಈವರೆಗೂ ಹೇಳಿಲ್ಲ. ವಿಡಿಯೋ ಅಳಿಸಲಿಲ್ಲ. ಸ್ಟೇಟಸ್ಸಿನಿಂದ ತೆಗೆದ.

ಬ್ಯಾಂಡು ಅಭಿಮಾನಿಗಳಿಗೆ ಏನು ಕೊಡಬೇಕು ಅನ್ನುವ ಪ್ರಶ್ನೆ ನನ್ನ ಮಟ್ಟಿಗೆ ಈ ಫೋನಿನಲ್ಲೇ ತೀರ್ಮಾನವಾಯಿತು. ದುಡ್ಡು ಕೊಟ್ಟು ಬಂದವರಿಗೆ ಮನಸಿಟ್ಟು ಹಾಡಬೇಕು. ಯಾರನ್ನೂ ನಾಲ್ಕು ಜನರ ಎದುರು ಸಣ್ಣ ಮಾಡಬಾರದು. ನಗು, ಫೋಟೋ, ಹೆಗಲ ಮೇಲೆ ಕೈ, ಇವೆಲ್ಲ ಅವರು ಇಷ್ಟಪಟ್ಟರೆ ಕೊಡುವಂಥವು. ಕೇಳಿ ವಸೂಲಿ ಮಾಡುವುದಕ್ಕೆ ಅದೇನು ಕೈಸಾಲವಾ? ನಮ್ಮ ಸಂಘದಲ್ಲೇ ಇದನ್ನು ಒಪ್ಪದವರಿದ್ದಾರೆ. "ವೇಷ ಕಳಚಿದ ಮೇಲೂ ಮೇಳದವರು ಮಾತಾಡ್ತಾರೆ, ಇವರಿಗೇನು?" ಅನ್ನುತ್ತಾರೆ. ನನ್ನ ಉತ್ತರ, ಮೇಳದವರು ಬೆಳಗಿನವರೆಗೆ ಇಲ್ಲೇ ಇರುತ್ತಿದ್ದರು, ನಮ್ಮ ಮನೆಗಳಲ್ಲೇ ಉಣ್ಣುತ್ತಿದ್ದರು, ಮುಂದಿನ ವರ್ಷ ಮತ್ತೆ ಬರುತ್ತಿದ್ದರು. ಆ ಸಲಿಗೆ ಬೆಳೆದದ್ದು ಹಾಗೆ. ಏಳೆಂಟು ತಾಸು ಇದ್ದು ಹೋಗುವವರ ಹತ್ತಿರ ಅದನ್ನು 500 ರೂಪಾಯಿಗೆ ಮಾರಲು ಹೊರಟಿದ್ದು ನಾವು.

ಮುಂದೇನಾಯಿತು

ಸಂಘದ ಬಾಗಿಲಿಗೆ ಒಂದು ನೋಟಿಸು ಹಚ್ಚಿದೆವು. ಗುಂಪುಗಳಿಗೂ ಕಳಿಸಿದೆವು. ಮಾತುಕತೆಯ ಸಾಲು ಬರೆದದ್ದು ನಾವು, ತಂಡವನ್ನು ಕೇಳಿರಲಿಲ್ಲ, 500 ಕೊಟ್ಟವರು 300 ವಾಪಸ್ ತೆಗೆದುಕೊಂಡು ಹೋಗಬಹುದು. 180 ಜನರಲ್ಲಿ 112 ಜನ ಬಂದು ತೆಗೆದುಕೊಂಡರು. 33,600 ರೂಪಾಯಿ. ಬೆಳ್ಳಿ ಹಬ್ಬದ ಉಳಿತಾಯ ಅಲ್ಲಿಗೆ ಮುಗಿಯಿತು. ಬೈಗುಳವೂ ಹೆಚ್ಚುಕಡಿಮೆ ಅಲ್ಲಿಗೇ ನಿಂತಿತು. ಅದು ನನಗೆ ಆಶ್ಚರ್ಯ. ತಂಡದ ಕ್ಷಮೆಗೆ ಇಳಿಯದ ಸಿಟ್ಟು ನಮ್ಮ ನೋಟಿಸಿಗೆ ಇಳಿಯಿತು.

ಹಾಳೆಯ ಹಿಂದಿದ್ದ ಊರು ಹುಡುಕಿಕೊಂಡು ಒಂದು ಭಾನುವಾರ ಹೋದೆ. ಹುಡುಗಿ ಏಳನೇ ತರಗತಿ. ಅಪ್ಪ ಅಂಗಳದಲ್ಲಿ ಚಾಲಿ ಹರಡುತ್ತಿದ್ದರು. ತಂಡದ ಬಗ್ಗೆ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬೈದದ್ದು ಬೇರೆ. "ಪಕ್ಕದ ಮನೆಯೋರ ಜೀಪಲ್ಲಿ ಬಂದಿದ್ವಿ. ಅವರು ಹತ್ತೂಕಾಲಿಗೆ ಹೊರಟ್ರು. ಇವಳು ಚಿತ್ರ ಕೊಟ್ಟೇ ಬರ್ತೀನಿ ಅಂದ್ಲು. ನಿಂತ್ವಿ. ಒಬ್ರು ಬಂದು 'ಇವತ್ತು ಆಗಲ್ಲ, ನೀವು ಹೊರಡಿ' ಅಂದಿದ್ರೆ ಸಾಕಿತ್ತು ಸರ್. ಹಾಲಿನ ಗಾಡಿ ಸಿಕ್ಕಿ ಮನೆ ಸೇರೋವಾಗ ಎರಡು ಗಂಟೆ." ಅವರು ಇದನ್ನು ಜೋರಾಗಿಯೂ ಹೇಳಲಿಲ್ಲ. ಹೇಳುತ್ತಾ ಅಡಿಕೆ ಹರಡುತ್ತಲೇ ಇದ್ದರು. ಹಿರಿಯರು ಜಗಲಿಯಲ್ಲಿ ಹೇಳಿದ್ದು ನನಗೆ ಪೂರ್ತಿ ಅರ್ಥವಾದದ್ದು ಆ ಅಂಗಳದಲ್ಲಿ. ಹಾಳೆಯನ್ನು ಮ್ಯಾನೇಜರ್ ವಿಳಾಸಕ್ಕೆ ಕೊರಿಯರ್ ಮಾಡಿದೆ. ತಲುಪಿತು ಅಂತ ಕೊರಿಯರಿನವರ ಮೆಸೇಜು ಬಂತು. ತಂಡದಿಂದ ಏನೂ ಬರಲಿಲ್ಲ.

ಮಾರನೇ ವರ್ಷ ಬೇರೆ ತಂಡ ಕರೆಸಿದೆವು. ಮುಂಗಡ ಕೊಡುವ ಮೊದಲೇ ಕೇಳಿದೆ, ಜನರ ಹತ್ತಿರ ಮಾತಾಡುವುದು ನಿಮಗೆ ಆಗುತ್ತದಾ, ಆಗುವುದಾದರೆ ಯಾವಾಗ? ಅವರು ಆಮೇಲೆ ಬೇಡ, ಮೊದಲೇ ಇಟ್ಟುಕೊಳ್ಳಿ ಅಂದರು. ಸೌಂಡ್ ಚೆಕ್ ಮುಗಿದ ಮೇಲೆ ಅರ್ಧ ಗಂಟೆ, ಯಾವುದಾದರೂ ವಾದ್ಯ ಕಲಿಯುತ್ತಿರುವ ಮಕ್ಕಳು ಮಾತ್ರ, ಟಿಕೆಟ್ಟಿಗೂ ಅದಕ್ಕೂ ಸಂಬಂಧ ಇಲ್ಲ. 30 ಮಕ್ಕಳು ಬಂದರು. ಆ ಹುಡುಗಿಯೂ ಬಂದಿದ್ದಳು. ಎಲ್ಲ ತಂತಿಯನ್ನೂ ಒಂದೇ ಬೆರಳಲ್ಲಿ ಒತ್ತಿದರೆ ನೋಯುತ್ತದಲ್ಲ, ನಿಮಗೆ ನೋಯುವುದಿಲ್ಲವಾ ಅಂತ ಗಿಟಾರಿನವನನ್ನು ಕೇಳಿದಳು. ಅವನು ಎಡಗೈ ಬೆರಳ ತುದಿ ಮುಟ್ಟಿ ನೋಡು ಅಂದ. ಜಡ್ಡುಗಟ್ಟಿತ್ತು. ಬೇಸ್ ನುಡಿಸುವವನು ಆ ಅರ್ಧ ಗಂಟೆ ಪೂರ್ತಿ ಮೂಲೆಯಲ್ಲಿ ಫೋನು ನೋಡುತ್ತಾ ಕೂತಿದ್ದ. ಯಾರೂ ಅದನ್ನು ದೂರಲಿಲ್ಲ. ಬರುವುದು ಬಿಡುವುದು ಅವರಿಷ್ಟ ಅಂತ ಮೊದಲೇ ಹೇಳಿದ್ದೆವಲ್ಲ.

ಸನ್ಮಾನವನ್ನು ಮೂರಕ್ಕೆ ಇಳಿಸಿದೆವು. ಅದಕ್ಕೆ ನಡೆದ ಜಗಳವನ್ನೇ ಬೇರೆ ಪ್ರಕರಣವಾಗಿ ಬರೆಯಬಹುದು. ಕೊನೆಯ ಹಾಡು ಮುಗಿದ ತಕ್ಷಣ ನಿರೂಪಕಿ ಮೈಕಿನಲ್ಲಿ ಹೇಳಿದಳು, ತಂಡ ಈಗ ವಿಶ್ರಾಂತಿಗೆ ಹೋಗುತ್ತದೆ, ಹಿಂದಿನ ಗೇಟಿನಲ್ಲಿ ಯಾರೂ ಕಾಯಬೇಡಿ, ಮುಂದಿನ ಗೇಟಿನಲ್ಲಿ ಬಿಸಿ ಕಷಾಯ ಇದೆ, ಕುಡಿದು ಹೋಗಿ. ಮುಂದಿನ ಗೇಟಿನಲ್ಲಿ ಸಂಘದ ಹತ್ತು ಜನ ನಿಂತೆವು. ನಾನೂ ಸೌಟು ಹಿಡಿದಿದ್ದೆ. ಹಾಡು ಹೇಗಿತ್ತು, ಹೇಗೆ ಹೋಗ್ತೀರಿ, ಗಾಡಿ ಇದೆಯಾ, ಅಂತ ಕೇಳುವುದೇ ಕೆಲಸ. ಆದರೂ ಇಪ್ಪತ್ತು ಜನ ಹಿಂದಿನ ಗೇಟಿಗೆ ಹೋಗಿ ನಿಂತರು. ಒಬ್ಬರು ಮಾರನೇ ದಿನ, "ಈ ತಂಡನೂ ಅಷ್ಟೇ, ಮಾತಾಡ್ಸ್ಲಿಲ್ಲ" ಅಂತ ಬರೆದರು.

ಕಷಾಯಕ್ಕೆ 3,200 ರೂಪಾಯಿ ಖರ್ಚಾಯಿತು. ವಾರ್ಷಿಕ ಲೆಕ್ಕ ಬರೆಯುವಾಗ ಖಜಾಂಚಿ ಇದನ್ನು ಯಾವ ಬಾಬಿಗೆ ಹಾಕಲಿ ಅಂತ ಕೇಳಿದರು. ಊಟೋಪಚಾರ ಅಂದರೆ ಕಲಾವಿದರ ಊಟದ ಜೊತೆ ಸೇರುತ್ತದೆ, ಇತರೆ ಅಂದರೆ ಲೆಕ್ಕ ನೋಡುವವರು ಹುಬ್ಬೇರಿಸುತ್ತಾರೆ. ಎಲೆ ಅಡಿಕೆ ಹಾಕುತ್ತಿದ್ದ ಹಿರಿಯರು ತಲೆ ಎತ್ತದೆ, "ಧ್ವನಿ ಬೆಳಕು ಅಂತ ಇದೆಯಲ್ಲ, ಅದ್ರ ಕೆಳಗೇ ಬರೀರಿ" ಅಂದರು. ಹಾಗೇ ಬರೆದೆವು.